ಕಲ್ಲುಸಕ್ಕರೆ ನೀರು ಕುಡಿದ ಏಳು ತಿಂಗಳು

ಇವತ್ತು ಮಾಡಿದ್ದು: ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಎರಡು ಹಸುವಿನ ಹಾಲು ಕರೆದು ಡೈರಿಗೆ ಕೊಟ್ಟು ಬಂದೆ. ಹುರುಳಿಕಾಳು ನೆನೆಹಾಕಿದೆ. ಎರಡು ಇಡ್ಲಿ ತಿಂದು ಶುಗರ್ ಮಾತ್ರೆ ನುಂಗಿದೆ. ನನ್ನ ಒಳ ಉಡುಪುಗಳನ್ನು ಬಿಸಿನೀರಿನಲ್ಲಿ ಒಗೆದು, ಹಿತ್ತಲಿನ ತಂತಿಯ ಮೇಲೆ ಬಿಸಿಲು ಬೀಳುವ ಕಡೆ, ಯಾರು ಬಂದರೂ ಕಾಣುವ ಹಾಗೆ ಒಣಹಾಕಿದೆ. ತೋಟದಲ್ಲಿ ಎರಡು ಹೊರೆ ಹಿಪ್ಪುನೇರಳೆ ಸೊಪ್ಪು ಕೊಯ್ದೆ. ಹೊತ್ತು ತಂದು ಹುಳದ ಮನೆಯ ಹೊಸ್ತಿಲಲ್ಲಿ ಇಳಿಸಿದೆ.

ಹೊಸ್ತಿಲಿನವರೆಗೆ ಮಾತ್ರ. ಒಳಗೆ ಹೋಗುವಂತಿರಲಿಲ್ಲ. ಯಾಕೆ ಎಂಬುದನ್ನು ಬರೆಯಲೇ ಕೂತಿದ್ದೇನೆ.

ನಮ್ಮದು ಕೊಳ್ಳೇಗಾಲದ ಪಕ್ಕದ ಮಧುವನಹಳ್ಳಿ. ರೇಷ್ಮೆ ಹುಳ ಸಾಕುವ ಮನೆ. ನಾನು ಮದುವೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಅಂದಿನಿಂದ ಹುಳದ ಮನೆ ನನ್ನದೇ. ಚಾಕಿ ಕೇಂದ್ರದಿಂದ ತಂದ ಮರಿಹುಳವನ್ನು ತಟ್ಟೆಗೆ ಹರಡುವುದರಿಂದ ಹಿಡಿದು, ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ ಎಲ್ಲಕ್ಕೂ ನನ್ನ ಕೈ ಬೇಕು. ಯಾವ ಹೊತ್ತಿಗೆ ಸೊಪ್ಪು ಹಾಕಿದೆ, ಒಳಗೆ ಸೆಖೆ ಎಷ್ಟಿತ್ತು, ಯಾವಾಗ ಕಿಟಕಿ ತೆಗೆದೆ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿರುತ್ತಿತ್ತು. ಮುಟ್ಟಾದ ಮೂರು ದಿನ ಒಳಗೆ ಹೋಗಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಆ ಮೂರು ದಿನ ನಮ್ಮ ಯಜಮಾನರು ಸೊಪ್ಪು ಹಾಕುತ್ತಿದ್ದರು, ನಾನು ಹೊಸ್ತಿಲಾಚೆ ನಿಂತು ಹೇಳಿ ಬರೆಸುತ್ತಿದ್ದೆ. ಆ ಪದ್ಧತಿಯ ಬಗ್ಗೆ ನಾನು ಯಾವತ್ತೂ ಕೊಂಕು ಮಾತಾಡಿದವಳಲ್ಲ. ಮೂರು ದಿನ ತಾನೇ ಎಂದುಕೊಳ್ಳುತ್ತಿದ್ದೆ.

ಹೋದ ವರ್ಷ ಯುಗಾದಿ ಕಳೆದ ವಾರ ನವೆ ಶುರುವಾಯಿತು. ಯೋನಿ ಎಂಬ ಪದವನ್ನು ನಲವತ್ತೇಳು ವರ್ಷ ಬಾಯಲ್ಲಿ ಆಡಿದವಳಲ್ಲ ನಾನು. ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಆ ಪದ ಬಾಯಿಗೆ ಬಾರದೆಯೇ ನನಗೆ ಏಳು ತಿಂಗಳು ಹೋಯಿತು. ಮೊದಲು ಬೆವರಿಗೆ ಇರಬೇಕು ಎಂದುಕೊಂಡೆ. ನಾಲ್ಕನೇ ದಿನಕ್ಕೆ ಒಡೆದ ಮೊಸರಿನ ಹಾಗೆ ಬಿಳಿ ಹೋಗತೊಡಗಿತು. ಒಂದಕ್ಕೆ ಕೂತರೆ ಉರಿ. ಚರ್ಮ ಅಲ್ಲಲ್ಲಿ ಸೀಳಿತ್ತು. ತೋಟದ ನಡುವೆ ಯಾರೂ ಇಲ್ಲವೆಂದು ಸುತ್ತ ನೋಡಿ ಸೀರೆಯ ಮೇಲಿಂದಲೇ ಕೆರೆದುಕೊಂಡಿದ್ದೇನೆ. ಮದುವೆ ಊಟದ ಪಂಕ್ತಿಯಲ್ಲಿ ತುಟಿ ಕಚ್ಚಿ ಕೂತು, ಪಾಯಸ ಬರುವ ಮುಂಚೆ ಎದ್ದು ಹೋಗಿದ್ದೇನೆ.

ಅತ್ತೆಗೆ ಹೇಳಿದ್ದು, ಮೈ ಉಷ್ಣವಾಗಿದೆ ಎಂದಷ್ಟೇ.

"ಅದ್ಯಾಕವ್ವ ಅಂಗ್ ಬಾಡೋಗಿದ್ದೀಯ? ತಡಿ, ತಂಪ್ಗೆ ಮಾಡ್ಕೊಡ್ತೀನಿ," ಎಂದರು.

ಅಂದಿನಿಂದ ಪ್ರತಿ ಸಂಜೆ ಒಂದು ಚೊಂಬು ನೀರಿಗೆ ಜೀರಿಗೆ ಮತ್ತು ಒಂದು ಹಿಡಿ ಕಲ್ಲುಸಕ್ಕರೆ ನೆನೆಹಾಕಿ, ಬೆಳಿಗ್ಗೆ ಸೋಸಿ ಅವರೇ ಕೈಗೆ ಕೊಡುತ್ತಿದ್ದರು. ನನಗೋ ಆಗ ಎಷ್ಟು ಕುಡಿದರೂ ತೀರದ ದಾಹ. ಗಟಗಟ ಕುಡಿಯುತ್ತಿದ್ದೆ. "ಅಸ್ಟೂ ಕುಡ್ದ್ಬುಡು, ಒಳ್ಳೇದು," ಎಂದು ತಲೆ ಸವರುತ್ತಿದ್ದರು. ಅವರ ಮೇಲೆ ಎಷ್ಟೇ ಸಿಟ್ಟಿದ್ದರೂ ಇದನ್ನು ಬರೆಯದೆ ಬಿಡಲಾರೆ. ಆ ಏಳು ತಿಂಗಳಲ್ಲಿ ಒಂದು ದಿನವೂ ಅವರು ಆ ಚೊಂಬು ತಪ್ಪಿಸಲಿಲ್ಲ.

ಕೊಳ್ಳೇಗಾಲದ ಮೆಡಿಕಲ್ ಶಾಪಿನಲ್ಲಿ ಗಂಡಸರೆಲ್ಲ ಹೋಗಲಿ ಎಂದು ಒಂದು ಮೂಲೆಯಲ್ಲಿ ನಿಂತು, ಕೊನೆಗೆ ಪಿಸುಗುಟ್ಟಿ ಒಂದು ಮಾತ್ರೆ ತಂದೆ. ಒಂದೇ ಮಾತ್ರೆ, ಒಮ್ಮೆ ನುಂಗಿದರೆ ಆಯಿತು. ಹತ್ತು ದಿನ ಸುಖವಾಗಿದ್ದೆ. ಹನ್ನೊಂದನೇ ದಿನ ಮತ್ತೆ ಬಂತು. ಹೀಗೆ ನಾಲ್ಕು ಸಲ. ನಾಲ್ಕನೇ ಸಲ ಅಂಗಡಿಯವನು, "ಡಾಕ್ಟ್ರಿಗೆ ತೋರ್ಸಿ ಅಕ್ಕಾ," ಎಂದ. ಅವನ ಮುಖ ನೋಡಲಾಗಲಿಲ್ಲ.

ಕೊಳ್ಳೇಗಾಲದಲ್ಲಿ ಹೆಂಗಸರ ಡಾಕ್ಟರ ಬಳಿ ಕೂತರೆ ಊರಿನ ಯಾರಾದರೂ ನೋಡುತ್ತಾರೆ. ನೋಡಿದವರು ಯಾಕೆ ಬಂದೆ ಎಂದು ಕೇಳದೆ ಬಿಡುವವರಲ್ಲ. ಅದಕ್ಕೆ ಆಷಾಢದಲ್ಲಿ ಹನೂರಿಗೆ ಹೋದೆ. ಬಸ್ಸು ಹತ್ತಿದ್ದೇ ತಡ, ಹಿಂದಿನ ಸೀಟಿನಿಂದ ನಮ್ಮ ಬೀದಿಯ ಹೆಂಗಸೊಬ್ಬಳು ಕೂಗಿದಳು.

"ಏನ್ ಸುಂದ್ರಮ್ಮಣ್ಣಿ, ಅನೂರ್ಗಾ? ಅಲ್ಯಾರವ್ರೆ ನಿಂಗೆ?"

"ಯಾರೂ ಇಲ್ಲ ಕನಕ್ಕ, ಕಂಬ್ಳಿ ನೋಡ್ಕ ಬರವ ಅಂತ."

"ಕಂಬ್ಳಿ ತಕ್ಕಳಕ್ಕೆ ಅನೂರ್ಗೆ ಓಯ್ತಾರಾ? ಕೊಳ್ಳೇಗಾಲದಲ್ಲಿ ಕಂಬ್ಳಿ ಮುಗ್ದೋದ್ವಾ?" ಎಂದು ಅವಳು ನಕ್ಕಾಗ ಇಡೀ ಬಸ್ಸು ನಕ್ಕ ಹಾಗೆ ಅನಿಸಿತು. ಸಂಜೆ ನಾನು ನಿಜವಾಗಿಯೂ ಒಂದು ಕಂಬಳಿ ಹೊತ್ತು ಮನೆಗೆ ಬಂದೆ. ಅದು ಇನ್ನೂ ಅಟ್ಟದ ಮೇಲಿದೆ.

ಹನೂರಿನ ಆ ಕ್ಲಿನಿಕ್ಕಿನಲ್ಲಿ ಗೋಡೆಗಂಟಿಸಿದ ಎರಡು ಬೆಂಚು. ಕೆಮ್ಮುವ ಗಂಡಸರು, ಮಡಿಲಲ್ಲಿ ಮಲಗಿದ ಮಗು, ಜೋರಾಗಿ ಓಡುವ ಟಿವಿ. ಚೀಟಿ ಬರೆಯುವವನು ಅಲ್ಲಿಂದಲೇ ಕೂಗಿದ: "ಏನಮ್ಮಾ ತೊಂದ್ರೆ?" ಬೆಂಚಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು. "ಹೊಟ್ಟೆನೋವು," ಎಂದೆ. ಒಳಗೆ ಡಾಕ್ಟರು ಚೀಟಿ ನೋಡಿ ಹೊಟ್ಟೆ ಒತ್ತಿ, "ಇಲ್ಲಿ ನೋವಾ? ಇಲ್ಲಿ?" ಎಂದು ಕೇಳುತ್ತ ಹೋದರು. ಎಲ್ಲದಕ್ಕೂ ಇಲ್ಲ ಎಂದೆ. ಕೊನೆಗೆ ಸೆರಗಿನ ತುದಿ ನೋಡಿಕೊಂಡು, "ಅಲ್ಲ ಸಾ, ಕೆಳಗೆ ನವೆ, ಬಿಳಿ ಹೋಗ್ತದೆ," ಎಂದೆ. ಅವರು ಪರೀಕ್ಷೆ ಮಾಡಲಿಲ್ಲ. ಪೆನ್ನು ಎತ್ತಿಕೊಂಡರು. "ಫಂಗಸ್ಸು. ಬೂಷ್ಟು ಅಂತೀವಲ್ಲ, ಅದು. ಕ್ಲೀನಾಗಿ ಇಟ್ಕೋಬೇಕಮ್ಮಾ," ಎಂದು ಮಾತ್ರೆ, ಕ್ಯಾಪ್ಸೂಲು ಬರೆದರು. ಎರಡು ನಿಮಿಷವೂ ಆಗಲಿಲ್ಲ.

ಕ್ಲೀನಾಗಿ ಇಟ್ಕೋಬೇಕು ಎಂಬ ಮಾತು ನನ್ನೊಳಗೆ ಇಳಿದು ಕೂತಿತು. ನಾನು ಕೊಳಕು ಹೆಂಗಸು ಎಂದ ಹಾಗಾಯಿತು. ಕ್ಯಾಪ್ಸೂಲು ಮುಗಿಯುವ ಹೊತ್ತಿಗೆ ನವೆ ಮೊದಲಿಗಿಂತ ಹೆಚ್ಚಾಗಿತ್ತು. ಆಗ ನಾನು ಮಾಡಿದ ಕೆಲಸವನ್ನೂ ಬರೆಯುತ್ತೇನೆ.

ಹುಳದ ಮನೆಯಲ್ಲಿ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮೊದಲು ತಟ್ಟೆ, ಚಂದ್ರಿಕೆ, ಗೋಡೆ, ನೆಲ ಎಲ್ಲವನ್ನೂ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆಯುತ್ತೇವೆ. ಬೂಷ್ಟು ಸಾಯಬೇಕಲ್ಲ, ಅದಕ್ಕೆ. ಇಪ್ಪತ್ತಾರು ವರ್ಷ ನನ್ನ ಕೈಯಾರೆ ಕಲಸಿ ತೊಳೆದಿದ್ದೇನೆ. ಬೂಷ್ಟಿಗೆ ಮದ್ದು ಯಾವುದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಸರಾ ಬೆಳೆಗೆ ಮುಂಚೆ ಮನೆ ತೊಳೆದ ದಿನ ಬಕೆಟ್ಟಿನ ತಳದಲ್ಲಿ ಉಳಿದಿದ್ದಕ್ಕೆ ಇನ್ನೊಂದಿಷ್ಟು ನೀರು ಬೆರೆಸಿ ಬಚ್ಚಲಿಗೆ ಒಯ್ದೆ. ಮೊದಲ ದಿನ ಉರಿದರೂ ನವೆ ನಿಂತ ಹಾಗಾಯಿತು. ಮದ್ದು ಕೆಲಸ ಮಾಡುತ್ತಿದೆ ಎಂದುಕೊಂಡೆ. ಮೂರು ದಿನ ಮಾಡಿದೆ. ನಾಲ್ಕನೇ ದಿನ ಕಾಲು ಕೂಡಿಸಲಾಗಲಿಲ್ಲ. ಸುಟ್ಟ ಗಾಯದ ಹಾಗೆ ಚರ್ಮ ಎದ್ದು ಬಂದಿತ್ತು. ಗೋಡೆ ಹಿಡಿದು ನಡೆದೆ.

ಓದುವವರು ನಗಬಹುದು. ಇನ್ನೊಬ್ಬಳು ಎಲ್ಲಿಯೋ ಉಪ್ಪುನೀರನ್ನೋ, ಡೆಟಾಲನ್ನೋ, ಸೋಪಿನ ಪುಡಿಯನ್ನೋ ಬಚ್ಚಲಿಗೆ ಒಯ್ಯುತ್ತಿದ್ದರೆ ಅವಳು ನಗಲಾರಳು. ಆಕೆಗೆ ಹೇಳುವುದಿಷ್ಟೆ: ಅದನ್ನು ಕೆಳಗಿಡು ತಾಯಿ.

ಗೋಡೆ ಹಿಡಿದು ನಡೆದದ್ದನ್ನು ಅತ್ತೆ ಕಂಡರು. ಆ ದಿನ ಎಲ್ಲವನ್ನೂ ಹೇಳಿದೆ. ಅವರು ಮೊದಲು ಕೇಳಿದ್ದು ನೋವಿದೆಯಾ ಎಂದಲ್ಲ.

"ಇದ್ನ ಮಡಿಕಂಡೇ ಉಳದ್ ಮನೆ ಒಳಿಕ್ ಓಯ್ತಿದ್ಯಾ? ಎಸ್ಟ್ ತಿಂಗ್ಳಾಯ್ತು?"

"ಆರು."

"ಅಯ್ಯೋ ಶಿವನೇ! ಮುಟ್ಟು ಮೂರ್ ದಿನಕ್ಕೇ ಓಗಕಿಲ್ಲ, ಇದು ದಿನಾಲೂ ಓಯ್ತಿರದು. ಆ ಮೂಕ್ ಪ್ರಾಣಿಗಳು ಯಾನ ಮಾಡಿದ್ವು ನಿಂಗೆ?"

ಸಂಜೆ ಯಜಮಾನರಿಗೆ ಹೇಳಿದರು. ಅವರು ನನ್ನ ಪಕ್ಕ ಬಂದು ನಿಂತು, ತುಂಬ ಮೆಲ್ಲಗೆ ಒಂದೇ ಒಂದು ಪ್ರಶ್ನೆ ಕೇಳಿದರು: "ಎಲ್ಲಿಂದ ತಂದೆ ಇದ?"

ಇಪ್ಪತ್ತಾರು ವರ್ಷ ತೋಟ, ಹುಳದ ಮನೆ, ಅಡಿಗೆಮನೆ ಬಿಟ್ಟು ಬೇರೆ ಕಡೆ ಹೋಗದವಳು ಎಲ್ಲಿಂದ ತರಲಿ? ಅವರು ಮತ್ತೆ ಕೇಳಲಿಲ್ಲ. ಆದರೆ ಕೇಳಿದ್ದನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ, ಇವತ್ತಿನವರೆಗೆ. ನವೆ ಹೋಗಿದೆ. ಆ ಮಾತು ಹೋಗಿಲ್ಲ.

ನನ್ನ ಚಾಪೆ ನಡುಮನೆಯಿಂದ ಜಗುಲಿಯ ಪಕ್ಕದ ಕೋಣೆಗೆ ಬಂತು. ಹುಳದ ಮನೆಗೆ ಬರಕೂಡದು ಎಂದಾಯಿತು. ಸೊಪ್ಪು ಕೊಯ್ದು ಹೊಸ್ತಿಲಿಗೆ ಹಾಕುವುದಷ್ಟೇ ನನ್ನ ಕೆಲಸ. ಹೊರಗಿನಿಂದ ಕಿವಿಗೊಟ್ಟು ನಿಲ್ಲುತ್ತಿದ್ದೆ. ಹುಳ ಸೊಪ್ಪು ತಿನ್ನುವಾಗ ಸಣ್ಣ ಮಳೆ ಬಿದ್ದ ಹಾಗೆ ಸದ್ದು ಬರುತ್ತದೆ. ಆ ಸದ್ದು ಹಸಿವಿನದೋ ಹೊಟ್ಟೆ ತುಂಬಿದ್ದೋ ನನಗೆ ಗೊತ್ತಾಗುತ್ತದೆ. ಆ ಬೆಳೆಯಲ್ಲಿ ದಿನದಿಂದ ದಿನಕ್ಕೆ ಸದ್ದು ಕಡಿಮೆಯಾಗುತ್ತ ಬಂತು. ಮಳೆಯಲ್ಲಿ ನೆಂದ ಸೊಪ್ಪನ್ನು ಆರಿಸದೆ ಹಾಕುತ್ತಿದ್ದಾರೆ ಎಂದು ನನಗೆ ವಾಸನೆಯಲ್ಲೇ ತಿಳಿಯಿತು. ಹೊಸ್ತಿಲಾಚೆಯಿಂದ ಹೇಳಿದೆ. "ನೀನು ಸುಮ್ಕಿರು," ಎಂದರು ಅತ್ತೆ.

ದೀಪಾವಳಿ ಹತ್ತಿರವಿತ್ತು. ಒಂದು ಬೆಳಿಗ್ಗೆ ತಟ್ಟೆ ತುಂಬ ಹುಳ ಸೀಮೆಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಸೆಟೆದುಕೊಂಡು ಬಿದ್ದಿದ್ದವು. ಸುಣ್ಣಕಟ್ಟು ಎನ್ನುತ್ತೇವೆ. ಅದೂ ಬೂಷ್ಟೇ, ಹುಳಕ್ಕೆ ಬರುವ ಬೂಷ್ಟು. ಯಜಮಾನರು ಕಾಫಿಯನ್ನೂ ಕುಡಿಯದೆ ಬೈಕ್ ಹತ್ತಿ ಕೊಳ್ಳೇಗಾಲಕ್ಕೆ ಓಡಿದರು. ಹತ್ತು ಗಂಟೆಗೆಲ್ಲ ರೇಷ್ಮೆ ಇಲಾಖೆಯವರನ್ನು ಹಿಂದೆ ಕೂರಿಸಿಕೊಂಡು ಬಂದರು. ನನ್ನ ಬೂಷ್ಟಿಗೆ ಏಳು ತಿಂಗಳಾಗಿತ್ತು. ಆ ಬೈಕ್ ಅಷ್ಟು ಬೇಗ ಸ್ಟಾರ್ಟ್ ಆಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಬಂದವರು ತಟ್ಟೆ ನೋಡಿದರು, ಸೊಪ್ಪು ಮುಟ್ಟಿದರು, ಬಾಗಿಲ ಹಿಂದಿನ ನೋಟ್‌ಬುಕ್ಕನ್ನು ಇಳಿಸಿ ಹಾಳೆ ತಿರುವಿದರು.

"ಇದ್ಯಾರು ಬರೀತಿದ್ದಿದ್ದು?"

"ನಮ್ಮನೆಯವ್ಳು," ಎಂದರು ಯಜಮಾನರು.

"ಎಷ್ಟು ನೀಟಾಗಿದೆ ನೋಡ್ರಿ. ಈ ಬೆಳೆಗೆ ಯಾಕೆ ಒಂದಕ್ಷರನೂ ಇಲ್ಲ? ಸೊಪ್ಪು ಒದ್ದೆ, ಹುಳ ಇಕ್ಕಟ್ಟು, ಕಿಟಕಿ ತೆಗ್ದೇ ಇಲ್ಲ. ಆಯಮ್ಮ ಎಲ್ಲಿ?"

ನಾನು ಹೊಸ್ತಿಲಿನ ಹೊರಗೆ ಸೊಪ್ಪಿನ ಹೊರೆಯ ಪಕ್ಕ ನಿಂತಿದ್ದೆ. ಯಾರೂ ತೋರಿಸಲಿಲ್ಲ. ಅವರು ಹೋದ ಮೇಲೆ ಅತ್ತೆ ಸತ್ತ ಹುಳವನ್ನು ಮೊರದಲ್ಲಿ ತಂದು ನನ್ನ ಕಣ್ಣ ಮುಂದೆಯೇ ಗುಂಡಿಗೆ ಸುರಿದು, ಮೇಲೆ ಸುಣ್ಣ ಹಾಕಿದರು. "ನ್ವಾಡು, ಕಣ್ತುಂಬ ನ್ವಾಡು," ಎಂದರು.

ಆ ದಿನ ಯಳಂದೂರಿನಲ್ಲಿರುವ ನಮ್ಮಕ್ಕ ಪುಟ್ಟಮ್ಮಣ್ಣಿಗೆ ಫೋನು ಮಾಡಿ ಅತ್ತುಬಿಟ್ಟೆ. ಅವಳು ಸಮಾಧಾನ ಹೇಳುವ ಪೈಕಿಯಲ್ಲ.

"ಏಳು ತಿಂಗ್ಳಾ? ಲೇ ಸುಂದ್ರಿ, ನಿಂಗೇನ್ ಬಾಯ್ ಬಿದ್ದೋಗಿತ್ತಾ? ಬೆಳಿಗ್ಗೆ ಬಸ್ ಅತ್ತು. ಬರ್ನಿಲ್ಲ ಅಂದ್ರೆ ನಾನೇ ಬಂದು ಜುಟ್ಟಿಡ್ಕೊಂಡು ಎಳ್ಕೊಂಡ್ ಓಯ್ತೀನಿ."

ಯಳಂದೂರಿನ ಲೇಡಿ ಡಾಕ್ಟರ ಬಳಿ ನಾವು ಮೂರು ತಾಸು ಕಾದೆವು. ಅಲ್ಲಿದ್ದವರೆಲ್ಲ ಹೆಂಗಸರೇ. ಅಕ್ಕ ಪಕ್ಕದವಳ ಜೊತೆ ಮಾತಿಗಿಳಿದು, "ನಮ್ ತಂಗಿಗೆ ಬಿಳಿ ಓಯ್ತದೆ ಕನವ್ವ, ನಿಂಗೇನು?" ಎಂದು ಕೇಳಿಯೇಬಿಟ್ಟಳು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಆದರೆ ಆ ಹೆಂಗಸು, "ನಂಗೂ ಅದೇ ಕನಕ್ಕ," ಎಂದಳು. ಅವಳಾಚೆ ಕೂತಿದ್ದವಳು ತಲೆ ಎತ್ತಿ ನೋಡಿ ಸಣ್ಣಗೆ ನಕ್ಕಳು. ಅವಳಿಗೂ ಇತ್ತೋ ಏನೋ. ಏಳು ತಿಂಗಳಲ್ಲಿ ಮೊದಲ ಸಲ ನಾನು ಬೆನ್ನನ್ನು ಕುರ್ಚಿಗೆ ಒರಗಿಸಿ ಕೂತೆ.

ಡಾಕ್ಟರಮ್ಮ ಮಲಗಿಸಿ, ದೀಪ ಹಾಕಿ ನೋಡಿದರು. ಒಂದು ಹತ್ತಿಕಡ್ಡಿಯಲ್ಲಿ ಪರೀಕ್ಷೆಗೆ ತೆಗೆದುಕೊಂಡರು. "ಇದೇನಿದು, ಸುಟ್ಟ ಹಾಗಿದೆಯಲ್ಲ?" ಎಂದರು. ಹೇಳಿದೆ. ಅವರು ಬಯ್ಯಲಿಲ್ಲ. ಗ್ಲೌಸು ಹಾಕಿದ ಕೈಯನ್ನು ನನ್ನ ಮಂಡಿಯ ಮೇಲೆ ಒಂದು ಗಳಿಗೆ ಇಟ್ಟರು, ಅಷ್ಟೆ. ಆಮೇಲೆ ದಾಹ ಇದೆಯಾ, ಎಷ್ಟು ಸಲ ಒಂದಕ್ಕೆ ಹೋಗುತ್ತೀರಿ ಎಂದೆಲ್ಲ ಕೇಳಿದರು.

"ಇಷ್ಟು ದಿನ ಮನೇಲಿ ಏನು ಔಷಧಿ ಮಾಡ್ಕೋತಿದ್ರಿ?"

"ಔಷಧಿ ಏನಿಲ್ಲ ಮೇಡಮ್. ತಂಪಿಗೆ ಜೀರಿಗೆ, ಕಲ್ಲುಸಕ್ಕರೆ ನೀರು."

"ಎಷ್ಟು?"

"ದಿನಾ ಒಂದು ಚೊಂಬು."

ಅವರು ಪೆನ್ನು ಕೆಳಗಿಟ್ಟು, ಬೆರಳು ಚುಚ್ಚಿ ಅಲ್ಲಿಯೇ ರಕ್ತ ನೋಡಿದರು. ಆ ಸಣ್ಣ ಮೆಷಿನ್ನಿನಲ್ಲಿ ಬಂದ ಸಂಖ್ಯೆಯನ್ನು ಅಕ್ಕನ ಕಡೆ ತಿರುಗಿಸಿದರು. ಅಕ್ಕ ನೋಡಿ ಬಾಯಿಗೆ ಸೆರಗು ಇಟ್ಟುಕೊಂಡಳು. ನನಗೆ ಸಕ್ಕರೆ ಕಾಯಿಲೆ ಇತ್ತು, ಯಾವಾಗಿನಿಂದಲೋ. ಅದು ಹತೋಟಿಗೆ ಬರದೆ ಇದು ಹೋಗುವುದಿಲ್ಲ, ಎಷ್ಟು ಸಲ ಓಡಿಸಿದರೂ ತಿರುಗಿ ಬರುತ್ತದೆ ಎಂದರು ಡಾಕ್ಟರಮ್ಮ. ಕ್ಲೀನಾಗಿ ಇಟ್ಕೊಳ್ಳದೆ ಬಂದಿದ್ದಾ ಎಂದು ಕೇಳಿದೆ. "ಅಲ್ಲ. ನೀವು ತೊಳೆದಿದ್ದೇ ಹೆಚ್ಚಾಯ್ತು. ಬರೀ ನೀರು ಸಾಕು," ಎಂದರು. ಬಸ್ ಸ್ಟ್ಯಾಂಡಿನಲ್ಲಿ ಕೂತು ಅಳತೊಡಗಿದೆ. ಕಾಯಿಲೆಗಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟ ಆ ಚೊಂಬಿಗೆ.

ಮೊದಲು ಸುಟ್ಟ ಗಾಯ ಮಾಯಬೇಕಾಯಿತು. ಆಮೇಲೆ ಒಳಗಿಡುವ ಮಾತ್ರೆ, ಆಮೇಲೆ ಆರು ತಿಂಗಳು ವಾರಕ್ಕೊಂದು ನುಂಗುವ ಮಾತ್ರೆ, ಶುಗರಿಗೆ ಎರಡು ಹೊತ್ತು ಮಾತ್ರೆ. ಸೀರೆಯ ಕೆಳಗೆ ಬಚ್ಚಿಟ್ಟು ಒಣಗಿಸುತ್ತಿದ್ದ ಒಳಬಟ್ಟೆಗಳು ತಂತಿಗೆ ಬಂದವು. ಅತ್ತೆ ಮುಖ ತಿರುಗಿಸಿದರು, ನಾನು ತೆಗೆಯಲಿಲ್ಲ. ಯುಗಾದಿ ಮತ್ತೆ ಬರುವಷ್ಟರಲ್ಲಿ ನವೆ ಪೂರ್ತಿ ನಿಂತಿತ್ತು. ಡಾಕ್ಟರ ಚೀಟಿ ತೋರಿಸಿ, ವಾಸಿಯಾಯಿತು, ಒಳಗೆ ಬರಲೇ ಎಂದು ಕೇಳಿದೆ. ಯಜಮಾನರು ಅವರಮ್ಮನ ಮುಖ ನೋಡಿದರು. ಅತ್ತೆ, "ಇನ್ನೊಂದೆರಡು ಬೆಳೆ ಓಗ್ಲಿ," ಎಂದರು. ಎರಡು ಬೆಳೆಯೂ ಆಯಿತು. ಮೂರನೆಯದು ನಡೆಯುತ್ತಿದೆ. ನನ್ನ ಜಾಗ ಹೊಸ್ತಿಲಿನ ಹೊರಗೇ.

ಇವತ್ತು ಹುಳ ನಾಲ್ಕನೇ ಜ್ವರದಿಂದ ಎದ್ದವು. ಪೊರೆ ಬಿಡುವ ಮೊದಲು ಹುಳ ಸೊಪ್ಪು ಬಿಟ್ಟು ಅಲುಗದೆ ಮಲಗುವುದನ್ನು ಜ್ವರ ಎನ್ನುತ್ತೇವೆ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದ ಹುಳಕ್ಕೆ ಬಕಾಸುರನ ಹಸಿವು. ಯಜಮಾನರು ಚಂದ್ರಿಕೆ ತರಲು ಸತ್ತೇಗಾಲಕ್ಕೆ ಹೋಗಿದ್ದರು. ನಾನು ಮಧ್ಯಾಹ್ನದ ಹೊರೆ ತಂದಾಗ ಅತ್ತೆ ಒಳಗಿರಲಿಲ್ಲ. ಹೊಸ್ತಿಲಿನ ಹೊರಗೆ, ನಾನು ನಿಲ್ಲುವ ಜಾಗದಲ್ಲಿ ಕೂತಿದ್ದರು.

"ಒಳಿಕ್ ಓಗು. ಸೊಪ್ಪಾಕು."

"ನಾನಾ?"

"ಊ ನೀನೇ. ನಾ ಬರಕಿಲ್ಲ."

"ಯಾಕೆ ಅತ್ತೆ, ಕಾಲು ನೋವಾ?"

ಅವರು ಸೊಪ್ಪಿನ ಕಡ್ಡಿಯೊಂದನ್ನು ಚೂರು ಚೂರು ಮುರಿದರು. "ನಂಗೂ ಅದ ಕನವ್ವ," ಎಂದರು.

"ಯಾವಾಗಿನಿಂದ?"

"ಓದ್ ದೀಪಾವಳಿಗೂ ಮೊದ್ಲಿಂದ."

ನಾನು ಲೆಕ್ಕ ಹಾಕಿದೆ. ದೀಪಾವಳಿಗೂ ಮೊದಲು ಎಂದರೆ ಬಿದ್ದುಹೋದ ಬೆಳೆ. ಆಗ ಒಳಗಿದ್ದವರು ಅವರೇ. ಮೊರದಲ್ಲಿ ಸತ್ತ ಹುಳ ತಂದು ಕಣ್ತುಂಬ ನೋಡು ಎಂದಾಗ ಅವರಿಗೆ ಗೊತ್ತಿತ್ತು.

"ಆ ಬೆಳೆ ನನ್ನಿಂದ್ಲೇ ಬಿತ್ತು ಅಂತ ದಿನಾ ಅನ್ಕತೀನಿ ಕನವ್ವ. ಎದ್ರಿಕೆ. ಇದೂ ಬಿದ್ದೋದ್ರೆ?" ಎಂದರು. ಮುಖ ಎತ್ತಲಿಲ್ಲ.

ಹೊರೆ ಎತ್ತಿಕೊಂಡು ಒಳಗೆ ಹೋದೆ. ಹತ್ತು ತಿಂಗಳ ಮೇಲೆ. ಒಂದು ಸಾಲು ತಟ್ಟೆಗೆ ಪೂರ್ತಿ ಸೊಪ್ಪು ಹಾಕುವವರೆಗೆ ನಾನು ಮಾತಾಡಲಿಲ್ಲ. ಬೇಕೆಂದೇ ಆಡಲಿಲ್ಲ. ಅವರು ಹೊಸ್ತಿಲಲ್ಲಿ ಕೂತಿರಲಿ, ಅಲ್ಲಿಂದ ಒಳಗೆ ಹೇಗೆ ಕಾಣುತ್ತದೆ ಎಂದು ಅವರಿಗೂ ಗೊತ್ತಾಗಲಿ ಎಂದುಕೊಂಡೆ. ಎರಡನೇ ಸಾಲಿಗೆ ಬಂದಾಗ ಹಿಂದಿನ ತಟ್ಟೆಗಳಿಂದ ಸಣ್ಣ ಮಳೆಯ ಸದ್ದು ಶುರುವಾಯಿತು. ಆಮೇಲೆ ಹೇಳಿದೆ.

"ನಿಮ್ಮಿಂದ ಬೀಳ್ಲಿಲ್ಲ. ನನ್ನಿಂದಾನೂ ಅಲ್ಲ. ಒದ್ದೆ ಸೊಪ್ಪಿಗೆ ಬಿತ್ತು. ಆವತ್ತೇ ಹೇಳಿದ್ನಲ್ಲ."

ಅವರು ಕಣ್ಣೊರೆಸಿಕೊಂಡರು.

"ಕೂತ್ಕಂಡ್ರೆ ಹುಳದ ಹೊಟ್ಟೆ ತುಂಬಲ್ಲ. ಆ ಕಡೆ ಸಾಲಿಗೆ ನೀವು ಹಾಕಿ. ಬನ್ನಿ ಒಳಕ್ಕೆ," ಎಂದೆ. ಕ್ಷಮಿಸಿದೆನೆಂದಲ್ಲ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಎರಡು ಕೈ ಸಾಲದು.

ಬಹಳ ಹೊತ್ತಿನ ಮೇಲೆ ಅವರು ಹೊಸ್ತಿಲು ದಾಟಿದರು. ಕೆಲಸ ಮುಗಿದ ಮೇಲೆ ಅವರ ಮಂಚದ ಕೆಳಗೆ ನೋಡಿದೆ. ಅದೇ ಚೊಂಬು, ಅದೇ ಜೀರಿಗೆ, ತಳದಲ್ಲಿ ಕರಗುತ್ತಿದ್ದ ಕಲ್ಲುಸಕ್ಕರೆ. ದಾಸವಾಳದ ಬುಡಕ್ಕೆ ಸುರಿದು ಚೊಂಬು ತೊಳೆದು ಬೋರಲು ಹಾಕಿದೆ. ನಾಳೆ ಬೆಳಿಗ್ಗೆ ಏನೂ ತಿನ್ನಬೇಡಿ, ಏಳು ಗಂಟೆಗೆ ಯಳಂದೂರಿಗೆ ಹೋಗುವುದಿದೆ ಎಂದೆ. "ಅವ್ನ್ಗೆ ಯಾನ ಏಳದು?" ಎಂದರು. "ಕಂಬ್ಳಿ ತರಕ್ಕೆ ಅಂತ ಹೇಳ್ಬೇಡಿ. ಕಾಯ್ಲೆ ಅಂತಾನೇ ಹೇಳಿ," ಎಂದೆ.

ನೋಟ್‌ಬುಕ್ಕಿನಲ್ಲಿ ಇವತ್ತಿನ ತಾರೀಕು ಹಾಕಿ, ಸೊಪ್ಪು ಹಾಕಿದ ಹೊತ್ತು ಬರೆದೆ. ಖಾಲಿ ಹಾಳೆಗಳನ್ನು ಹಾಗೇ ಬಿಟ್ಟೆ, ಹರಿಯಲಿಲ್ಲ.

ರಾತ್ರಿ ಊಟಕ್ಕೆ ಹುರುಳಿಕಾಳಿನ ಸಾರು, ನನಗೆ ಅರ್ಧ ಮುದ್ದೆ, ಅತ್ತೆಗೂ ಅರ್ಧವೇ. ಇನ್ನರ್ಧ ಕೇಳಿದರು, ಕೊಡಲಿಲ್ಲ. ಯಜಮಾನರು ಒಂದೂವರೆ ಮುದ್ದೆ ಉಂಡು ಮಜ್ಜಿಗೆ ಕುಡಿದರು. ನಾನು ನನ್ನ ಚಾಪೆಯನ್ನು ಜಗುಲಿ ಕೋಣೆಯಿಂದ ತಂದು ಹುಳದ ಮನೆಯ ಬಾಗಿಲ ಒಳಗೆ ಹಾಸಿದೆ. ಅವರಿಬ್ಬರೂ ನಡುಮನೆಯಲ್ಲಿ ಇನ್ನೂ ಕೂತೇ ಇದ್ದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಈ ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಮಲಗುವವಳು ಇವತ್ತು ನಾನು.